ಮನೆಯಂಗಳದ ಕಿತ್ತಳೆ ಮರ: ಗಿಡದ ಆಯ್ಕೆಯಿಂದ ಕೊಯ್ಲಿನವರೆಗೆ

ಕಿತ್ತಳೆ ಗಿಡ ಸೊರಗಿತೆಂದರೆ ಮೊದಲು ಸಂಶಯಪಡಬೇಕಾದದ್ದು ಬೇರನ್ನು. ಹುಳ ತಿಂದ ಎಲೆ ಮತ್ತೆ ಚಿಗುರುತ್ತದೆ, ಕೊಳೆತ ಬೇರು ಗಿಡವನ್ನೇ ಕರೆದೊಯ್ಯುತ್ತದೆ. ತೊಂದರೆ ಏನೆಂದರೆ, ಬೇರಿನ ಕಷ್ಟ ನಮ್ಮ ಕಣ್ಣಿಗೆ ಬೀಳುವುದು ಎಲೆಯಲ್ಲಿ, ಅದೂ ವಾರಗಟ್ಟಲೆ ತಡವಾಗಿ. ಎಲೆ ಹಳದಿಯಾಯಿತೆಂದು ಗೊಬ್ಬರ ಸುರಿಯುತ್ತೇವೆ, ಬಾಡಿತೆಂದು ಇನ್ನೊಂದು ಬಿಂದಿಗೆ ನೀರು ಹೊಯ್ಯುತ್ತೇವೆ. ಆಗಲೇ ಉಸಿರುಗಟ್ಟಿರುವ ಬೇರಿಗೆ ಇವೆರಡೂ ಪೆಟ್ಟೇ. ಅದಕ್ಕಾಗಿಯೇ ಇಲ್ಲಿ ಮಣ್ಣು, ನೀರು, ಬುಡದ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ರೆಂಬೆ ಸವರುವುದು, ಔಷಧ ಸಿಂಪಡಿಸುವುದೆಲ್ಲ ಅದರ ನಂತರದ ಮಾತು.

ಯಾವ ಕಿತ್ತಳೆ?

ಕಿತ್ತಳೆ ಎಂಬ ಹೆಸರಿನಲ್ಲಿ ಎರಡು ಗುಂಪುಗಳಿವೆ. ಸಿಪ್ಪೆ ಸಡಿಲವಾಗಿದ್ದು ಕೈಯಲ್ಲೇ ಬಿಡಿಸಬಹುದಾದದ್ದು ಮ್ಯಾಂಡರಿನ್ ಗುಂಪು. ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿಕೊಂಡಿರುವ ಮೂಸಂಬಿ, ವೇಲೆನ್ಸಿಯಾ, ನೇವಲ್ ಮುಂತಾದವು ಸಿಹಿ ಕಿತ್ತಳೆಯ ಗುಂಪು. ಎರಡರ ಆರೈಕೆಯೂ ಹೆಚ್ಚುಕಡಿಮೆ ಒಂದೇ. ಆದರೆ ಜಾಗಕ್ಕೆ ತಕ್ಕ ಆಯ್ಕೆ ಮುಖ್ಯ.

ನೇವಲ್‌ನಲ್ಲಿ ಬೀಜವಿಲ್ಲ, ತಿನ್ನಲು ಸೊಗಸು. ಆದರೆ ಹೂ ಬಿಡುವ ಹೊತ್ತಿನ ಸುಡುಬಿಸಿಲನ್ನು ಅದು ಸಹಿಸದು, ಹೀಚುಗಳನ್ನು ಸುರಿಸಿಬಿಡುತ್ತದೆ. ವೇಲೆನ್ಸಿಯಾ ಸೆಖೆಗೆ ಗಟ್ಟಿ, ರಸಕ್ಕೂ ಒಳ್ಳೆಯದು. ಹೂವಿನಿಂದ ಹಣ್ಣಿಗೆ 12ರಿಂದ 15 ತಿಂಗಳು ಬೇಕಾಗುವುದರಿಂದ ಹಳೆಯ ಹಣ್ಣು, ಹೊಸ ಹೂ ಎರಡೂ ಒಟ್ಟಿಗೆ ಮರದಲ್ಲಿರುವುದು ಅದರಲ್ಲಿ ಸಹಜ. ಕೆಂಪು ತಿರುಳಿನ ಬ್ಲಡ್ ಆರೆಂಜ್‌ಗೆ ಬಣ್ಣ ಬರಬೇಕಾದರೆ ರಾತ್ರಿಗಳು ತಂಪಾಗಿರಬೇಕು. ಬೆಚ್ಚಗಿನ ರಾತ್ರಿಗಳ ಊರಿನಲ್ಲಿ ಅದು ಸಾಧಾರಣ ಕಿತ್ತಳೆಯಂತೆಯೇ ಉಳಿಯುತ್ತದೆ. ಕುಂಡಕ್ಕೆ ಮ್ಯಾಂಡರಿನ್ ಜಾತಿಗಳು ಹೊಂದುತ್ತವೆ, ಚಳಿಯನ್ನೂ ತುಸು ಹೆಚ್ಚು ತಡೆಯುತ್ತವೆ. ಮನೆಯೊಳಗೆ ಕಿಟಕಿಯ ಬಳಿ ಇಡುವುದಾದರೆ ಕ್ಯಾಲಮಾಂಡಿನ್ ಎಂಬ ಪುಟ್ಟ ಹುಳಿ ಕಿತ್ತಳೆಯಷ್ಟು ಒಗ್ಗುವುದು ಮತ್ತೊಂದಿಲ್ಲ.

ಬೀಜದ ಗಿಡವೋ, ಕಸಿ ಗಿಡವೋ

ತಿಂದ ಹಣ್ಣಿನ ಬೀಜ ಮೊಳೆಯುವುದು ಸುಲಭ. ಒಣಗಲು ಬಿಡದೆ ತೊಳೆದು 1 ಸೆಂಟಿಮೀಟರ್ ಆಳಕ್ಕೆ ಊರಿ, ತೇವ ಆರದಂತೆ 25 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬೆಚ್ಚನೆಯಲ್ಲಿಟ್ಟರೆ 2ರಿಂದ 4 ವಾರಗಳಲ್ಲಿ ಮೊಳಕೆ ಕಾಣುತ್ತದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಅಚ್ಚರಿ ಬೇಡ. ಕಿತ್ತಳೆಯ ಹಲವು ಜಾತಿಗಳ ಬೀಜದಲ್ಲಿ ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟುವ ಭ್ರೂಣಗಳಿರುತ್ತವೆ. ಅಂಥ ಸಸಿ ತಾಯಿಮರದ ಪಡಿಯಚ್ಚು. ಸಾಮಾನ್ಯವಾಗಿ ಹುರುಪಿನಿಂದ ಬೆಳೆಯುವುದೂ ಅದೇ, ಅದನ್ನೇ ಉಳಿಸಿಕೊಳ್ಳಿ.

ಆದರೆ ಬೀಜದ ಗಿಡ ಮೈತುಂಬ ಮುಳ್ಳು ಹೊತ್ತು ಎತ್ತರಕ್ಕೆ ಏರುತ್ತದೆ. ಹಣ್ಣು ಕಾಣಲು 6ರಿಂದ 10 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕು. ಕುಂಡದಲ್ಲಂತೂ ಬೀಜದ ಗಿಡ ಹೂ ಬಿಡದೆಯೇ ಉಳಿಯಬಹುದು. ಕಸಿ ಗಿಡ 2–3 ವರ್ಷಕ್ಕೆ ಹೂ ಬಿಡುತ್ತದೆ. ಹಣ್ಣು ಬೇಕೆಂದಿದ್ದರೆ ಕಸಿ ಗಿಡವನ್ನೇ ತನ್ನಿ. ಇದರಲ್ಲಿ ಎರಡು ಮಾತಿಲ್ಲ.

ಕಸಿ ಗಿಡ ಎಂದರೆ ಇಬ್ಬರ ಸಂಸಾರ: ಮೇಲಿನದು ಹಣ್ಣಿನ ಜಾತಿ, ಕೆಳಗಿನದು ಬೇರುಸಸ್ಯ. ಮರದ ಗಾತ್ರ, ಬರ ತಡೆಯುವ ಶಕ್ತಿ, ಬುಡಕೊಳೆ ತಡೆಯುವ ಶಕ್ತಿ ಎಲ್ಲವನ್ನೂ ಬಹುಮಟ್ಟಿಗೆ ಬೇರುಸಸ್ಯವೇ ತೀರ್ಮಾನಿಸುತ್ತದೆ. ರಂಗಪುರ ಲೈಮ್ ಮತ್ತು ರಫ್ ಲೆಮನ್ ಬರಕ್ಕೆ ಗಟ್ಟಿ, ಮರವನ್ನು ಬೇಗ ಬೆಳೆಸುತ್ತವೆ. ಆದರೆ ರಫ್ ಲೆಮನ್ ಮೇಲಿನ ಹಣ್ಣಿಗೆ ಸಿಹಿ ತುಸು ಕಡಿಮೆ. ಮೂರೆಲೆಯ ಟ್ರೈಫೋಲಿಯೇಟ್ ಚಳಿಗೂ ಬುಡಕೊಳೆಗೂ ಜಗ್ಗದು, ಹಣ್ಣಿನ ಗುಣವೂ ಮೇಲು, ಆದರೆ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಸೊರಗುತ್ತದೆ. ಅದರದೇ ಒಂದು ಬಗೆಯಾದ ಫ್ಲೈಯಿಂಗ್ ಡ್ರ್ಯಾಗನ್ ಮೇಲೆ ಕಟ್ಟಿದ ಗಿಡ ಕುಳ್ಳಾಗಿಯೇ ಉಳಿಯುವುದರಿಂದ ಕುಂಡಕ್ಕೆ ಹೇಳಿ ಮಾಡಿಸಿದ್ದು. ಕೊಳ್ಳುವಾಗ ಜಾತಿಯ ಹೆಸರಿನ ಜೊತೆಗೆ ಬೇರುಸಸ್ಯದ ಹೆಸರನ್ನೂ ಕೇಳಿ.

ಬೇರಿನ ಮಹತ್ವಕ್ಕೆ ಒಂದು ನಿದರ್ಶನ ಇದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ 1873ರ ಹೊತ್ತಿಗೆ ನೆಟ್ಟ ವಾಷಿಂಗ್ಟನ್ ನೇವಲ್ ಮರವೊಂದು ಬುಡದ ರೋಗದಿಂದ ಕ್ಷೀಣಿಸತೊಡಗಿದಾಗ, 1918ರಲ್ಲಿ ಅದರ ಸುತ್ತ ಹೊಸ ಸಸಿಗಳನ್ನು ನೆಟ್ಟು ಅವುಗಳ ತುದಿಯನ್ನು ಕಾಂಡಕ್ಕೆ ಕಸಿ ಮಾಡಲಾಯಿತು. ಹಳೆಯ ಮರಕ್ಕೆ ಹೊಸ ಬೇರು ಸಿಕ್ಕಿತು, ಮರ ಇಂದಿಗೂ ಬದುಕಿದೆ.

ಸಸಿ ಆರಿಸುವಾಗ

ಎತ್ತರದ ಸಸಿಗೆ ಮರುಳಾಗಬೇಡಿ. 60ರಿಂದ 90 ಸೆಂಟಿಮೀಟರ್ ಎತ್ತರದ, ಪೆನ್ಸಿಲ್‌ಗಿಂತ ದಪ್ಪ ಕಾಂಡದ ಗಿಡ ಸಾಕು. ಕಸಿಯ ಗಂಟು ಮಣ್ಣಿನಿಂದ ಕನಿಷ್ಠ 15 ಸೆಂಟಿಮೀಟರ್ ಮೇಲಿರಬೇಕು, ಗಾಯ ಪೂರ್ತಿ ಕೂಡಿರಬೇಕು. ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ: ಬಿಳಿ ಹಿಟ್ಟು, ಕಂದು ಹುರುಪೆ, ಅಂಟಂಟು ಇದ್ದರೆ ಬೇಡ. ಸಾಧ್ಯವಾದರೆ ಚೀಲದಿಂದ ಮೆಲ್ಲಗೆ ಸರಿಸಿ ಬೇರು ನೋಡಿ. ತುದಿಗಳು ಕೆನೆಬಣ್ಣದಲ್ಲಿ ಚುರುಕಾಗಿರಬೇಕು. ಕಪ್ಪಾಗಿ, ಹಿಡಿದೆಳೆದರೆ ತೊಗಟೆ ಕಳಚಿ ಒಳಗಿನ ನಾರು ಮಾತ್ರ ಉಳಿದರೆ ಅದು ಕೊಳೆತ ಬೇರು. ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿದ್ದರೂ ಬಿಡಿ, ಅಂಥ ಗಿಡ ಹತ್ತು ವರ್ಷದ ನಂತರವೂ ಗಾಳಿಗೆ ವಾಲುತ್ತದೆ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಹುವಾಂಗ್‌ಲಾಂಗ್‌ಬಿಂಗ್ ಎಂಬ ರೋಗ ಕಸಿಕಡ್ಡಿಯ ಮೂಲಕವೂ ಬರುತ್ತದೆ, ಅದಕ್ಕೆ ಮದ್ದಿಲ್ಲ. ಪ್ರಮಾಣಿತ ನರ್ಸರಿಯ ಗಿಡವನ್ನೇ ಕೊಳ್ಳಿ. ಗುರುತಿಲ್ಲದ ಮರದಿಂದ ಕಡ್ಡಿ ತಂದು ಕಸಿ ಕಟ್ಟಬೇಡಿ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಆದರೆ ಇನ್ನೂ ಒಳ್ಳೆಯದು. ನೆರಳಿನಲ್ಲಿ ಗಿಡ ಹಸಿರಾಗಿಯೇ ಇರುತ್ತದೆ, ಆದರೆ ಹೂ ಬಿಡುವುದಿಲ್ಲ. ಗೋಡೆಯಿಂದ 2.5ರಿಂದ 3 ಮೀಟರ್ ದೂರ ಬಿಡಿ. ದೊಡ್ಡ ಮರವಾಗುವ ಜಾತಿಗಳ ನಡುವೆ 5–6 ಮೀಟರ್, ಕುಳ್ಳ ಗಿಡಗಳ ನಡುವೆ 2.5 ಮೀಟರ್ ಅಂತರವಿರಲಿ. ಹುಲ್ಲುಹಾಸಿನ ನಡುವೆ ನೆಡಬೇಡಿ. ಹುಲ್ಲು ದಿನವೂ ಬೇಡುವ ಮೇಲುನೀರು ಕಿತ್ತಳೆಯ ಬುಡಕ್ಕೆ ವಿಷವಿದ್ದಂತೆ.

ಮಣ್ಣಿನ ರಸಸಾರ (ಪಿಎಚ್) 5.5ರಿಂದ 7ರೊಳಗಿದ್ದರೆ ಸರಿ. ಅದಕ್ಕಿಂತ ಮುಖ್ಯ ನೀರು ಬಸಿಯುವುದು. ಪರೀಕ್ಷೆ ಹೀಗೆ ಮಾಡಿ: 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಒಂದು ಕಡ್ಡಿಗೆ ಗುರುತು ಹಾಕಿ ಚುಚ್ಚಿಡಿ. ಗಂಟೆಗೆ 2.5 ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದರೆ ನೆಡಬಹುದು. ಅದಕ್ಕಿಂತ ನಿಧಾನವಾದರೆ ಆ ಗುಂಡಿಯಲ್ಲಿ ನೆಡಲೇಬೇಡಿ. ಅಲ್ಲೇ 30ರಿಂದ 45 ಸೆಂಟಿಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ನೀರುಣಿಸುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಹರಡುವುದರಿಂದ ದಿಬ್ಬದಲ್ಲಿ ಮರ ಚೆನ್ನಾಗಿಯೇ ಬದುಕುತ್ತದೆ.

ನಾಟಿ

1. ಗುಂಡಿಯ ಆಳ ಬೇರುಮುದ್ದೆಯ ಎತ್ತರದಷ್ಟೇ ಇರಲಿ, ಅಗಲ ಅದರ ಎರಡು ಪಟ್ಟು. ಆಳ ಹೆಚ್ಚಾದರೆ ಸಡಿಲ ಮಣ್ಣು ಕುಸಿದು ಗಿಡ ಕೆಳಗಿಳಿಯುತ್ತದೆ, ಕಸಿಗಂಟು ಮಣ್ಣು ಸೇರುತ್ತದೆ.

2. ಜೇಡಿಮಣ್ಣಿನ ಗುಂಡಿಯ ಗೋಡೆ ನುಣುಪಾಗಿದ್ದರೆ ಹಾರೆಯಿಂದ ಗೀರಿ ಒರಟು ಮಾಡಿ. ಇಲ್ಲವಾದರೆ ಬೇರು ಗೋಡೆ ದಾಟದೆ ಒಳಗೇ ಸುತ್ತುತ್ತದೆ.

3. ಚೀಲ ಸೀಳಿ ತೆಗೆದು, ಹೊರಸುತ್ತಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಸುರುಳಿ ಸುತ್ತಿದ ಎಳೆಬೇರನ್ನು ಕತ್ತರಿಸಿ. ಬೇರು ಬಿಸಿಲಿಗೆ ಒಣಗಲು ಬಿಡಬೇಡಿ.

4. ಬೇರುಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕಿಂತ 3–5 ಸೆಂಟಿಮೀಟರ್ ಮೇಲೆ ನಿಲ್ಲುವಂತೆ ಇಡಿ, ಗಿಡ ಸ್ವಲ್ಪ ಇಳಿದೇ ಇಳಿಯುತ್ತದೆ.

5. ತೋಡಿದ ಮಣ್ಣನ್ನೇ ವಾಪಸು ತುಂಬಿ. ಅರ್ಧ ತುಂಬಿದಾಗ ಒಮ್ಮೆ, ಪೂರ್ತಿಯಾದಾಗ ಒಮ್ಮೆ ನೀರು ಕೊಟ್ಟು ಗಾಳಿಗುಳ್ಳೆ ಹೋಗಲಾಡಿಸಿ. ಕಾಲಿನಿಂದ ತುಳಿಯುವುದು ಬೇಡ.

ಗುಂಡಿಗೆ ಬುಟ್ಟಿಗಟ್ಟಲೆ ಕೊಟ್ಟಿಗೆ ಗೊಬ್ಬರ ತುಂಬುವ ಅಭ್ಯಾಸವನ್ನು ಜೇಡಿಮಣ್ಣಿನಲ್ಲಂತೂ ಬಿಡಿ. ಗೊಬ್ಬರ ಕರಗುತ್ತ ಹೋದಂತೆ ಗಿಡ ತಗ್ಗುತ್ತದೆ. ಸುತ್ತಲಿನ ಗಟ್ಟಿ ಮಣ್ಣಿನ ನಡುವೆ ಆ ಮೆತ್ತನೆಯ ಗುಂಡಿ ಬಕೆಟ್ಟಿನಂತೆ ನೀರು ಹಿಡಿದಿಡುತ್ತದೆ. ಗೊಬ್ಬರದ ಜಾಗ ಮೇಲೆ: ಮಾಗಿದ ಗೊಬ್ಬರವನ್ನು 5 ಸೆಂಟಿಮೀಟರ್ ದಪ್ಪ ಹರಡಿ, ಅದರ ಮೇಲೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿ. ಕಾಂಡದ ಸುತ್ತ 20 ಸೆಂಟಿಮೀಟರ್ ಮಾತ್ರ ಬರಿದಾಗಿರಲಿ.

ಕುಂಡದಲ್ಲಿ ಬೆಳೆಸುವುದಾದರೆ

ಸಣ್ಣ ಸಸಿಯನ್ನು ಒಮ್ಮೆಗೇ ದೊಡ್ಡ ಡ್ರಮ್ಮಿಗೆ ಹಾಕುವುದು ಸಾಮಾನ್ಯ ತಪ್ಪು. ಬೇರು ತಲುಪದ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. 25–30 ಸೆಂಟಿಮೀಟರ್ ಅಗಲದ ಕುಂಡದಿಂದ ಶುರುಮಾಡಿ, ಬೇರು ತುಂಬಿದಂತೆಲ್ಲ 5–8 ಸೆಂಟಿಮೀಟರ್ ದೊಡ್ಡದಕ್ಕೆ ಬದಲಿಸುತ್ತ 45–60 ಸೆಂಟಿಮೀಟರ್‌ಗೆ ನಿಲ್ಲಿಸಿ. ತಳದಲ್ಲಿ ನಾಲ್ಕೈದು ತೂತು ಬೇಕು, ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತಿಡಬೇಕು. ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಸರಿಯುತ್ತದೆ, ಬೇರಿಗಿರುವ ಜಾಗ ಅಷ್ಟು ಕಡಿಮೆಯಾಗುತ್ತದೆ.

ಮಿಶ್ರಣಕ್ಕೆ ಅಳತೆಯಲ್ಲಿ 2 ಪಾಲು ತೋಟದ ಮಣ್ಣು, 1 ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), 1 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), 1 ಪಾಲು ಎರೆಹುಳು ಗೊಬ್ಬರ. ಮಣ್ಣು ಜೇಡಿಯಾಗಿದ್ದರೆ ಅದನ್ನು ಪೂರ್ತಿ ಬಿಟ್ಟು ತೊಗಟೆ ಚೂರು ಬಳಸಿ. ಕೋಕೋಪೀಟನ್ನು ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಲೇಬೇಕು. ಅದರಲ್ಲಿ ಉಪ್ಪು ಉಳಿದಿದ್ದರೆ ಎಲೆಯ ತುದಿ ಸುಡುತ್ತದೆ.

ದೊಡ್ಡ ಕುಂಡ ತಲುಪಿದ ಮೇಲೆ ಪ್ರತಿ 2–3 ವರ್ಷಕ್ಕೊಮ್ಮೆ ಗಿಡ ಹೊರತೆಗೆದು, ಬೇರುಮುದ್ದೆಯ ಸುತ್ತಲೂ ತಳದಲ್ಲೂ 4–5 ಸೆಂಟಿಮೀಟರ್ ದಪ್ಪ ಕತ್ತರಿಸಿ ಹೊಸ ಮಿಶ್ರಣ ತುಂಬಿ. ಬೇರು ಕತ್ತರಿಸಿದಷ್ಟಕ್ಕೆ ಸರಿಯಾಗಿ ಮೇಲಿನ ರೆಂಬೆಗಳನ್ನೂ ಕಾಲುಭಾಗ ತಗ್ಗಿಸಿ.

ನೀರು

ಕಿತ್ತಳೆಗೆ ಬೇಕಾದದ್ದು ಆಳವಾದ ನೀರು, ನಡುವೆ ಬಿಡುವು. ಬೇರು ನೀರಿನಷ್ಟೇ ಗಾಳಿಯನ್ನೂ ಬಯಸುತ್ತದೆ. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರಿನ ತುದಿ ಸಾಯುತ್ತದೆ. ಆ ಸತ್ತ ತುದಿಗೆ ಫೈಟಾಫ್ತೊರಾ ಎಂಬ ರೋಗಾಣು ನುಗ್ಗುತ್ತದೆ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ, ನಿಂತ ನೀರೇ ಅವಕ್ಕೆ ದಾರಿ.

ನೆಟ್ಟ ಮೊದಲ ಎರಡು ಮೂರು ವಾರ 2–3 ದಿನಕ್ಕೊಮ್ಮೆ 8–10 ಲೀಟರ್ ಕೊಡಿ, ಆಮೇಲೆ ವಾರಕ್ಕೆ ಒಂದೆರಡು ಬಾರಿ. ಮೊದಮೊದಲು ನೀರು ಬೇರುಮುದ್ದೆಗೇ ತಲುಪಬೇಕು, ಸುತ್ತಲಿನ ಮಣ್ಣು ಒದ್ದೆಯಿದ್ದು ಮುದ್ದೆ ಮಾತ್ರ ಒಣಗಿರುವುದು ಉಂಟು. ವರ್ಷ ಕಳೆದ ಮೇಲೆ ಜೋಡಿ ಉಂಗುರದ ಪಾತಿಗೆ ಬದಲಿಸಿ: ಕಾಂಡದಿಂದ 30 ಸೆಂಟಿಮೀಟರ್ ದೂರದಲ್ಲಿ ಒಂದು ಮಣ್ಣಿನ ಏರಿ, ರೆಂಬೆಗಳ ನೆರಳಿನ ಅಂಚಿನಾಚೆ ಇನ್ನೊಂದು. ನೀರು ಎರಡರ ನಡುವೆ ಮಾತ್ರ ನಿಲ್ಲಬೇಕು, ಕಾಂಡ ಒಣಗಿರಬೇಕು. ಮರ ಹರಡಿದಂತೆ ಎರಡೂ ಏರಿಗಳನ್ನು ಹೊರಕ್ಕೆ ಸರಿಸಿ.

ಬೆಳೆದ ಮರಕ್ಕೆ ಪ್ರತಿ ಸಲ 60 ಸೆಂಟಿಮೀಟರ್ ಆಳದವರೆಗೆ ನೆನೆಯಬೇಕು. ನೀರು ಕೊಟ್ಟ ಮರುದಿನ ಉದ್ದನೆಯ ಕಬ್ಬಿಣದ ಸರಳನ್ನು ಚುಚ್ಚಿ ನೋಡಿ. ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಮತ್ತೆ ಯಾವಾಗ ಎಂಬುದಕ್ಕೆ ಕ್ಯಾಲೆಂಡರ್ ನಂಬಬೇಡಿ. ಪಾತಿಯಲ್ಲಿ 10–15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ: ಉಂಡೆ ಕಟ್ಟಿದರೆ ಕಾಯಿರಿ, ಉದುರಿದರೆ ಕೊಡಿ. ಮರಳು ಮಣ್ಣಿನಲ್ಲಿ ಇದು ವಾರದೊಳಗೇ ಬರಬಹುದು, ಜೇಡಿಮಣ್ಣಿನಲ್ಲಿ ಹದಿನೈದು ದಿನವೂ ಆಗಬಹುದು.

ಕುಂಡಕ್ಕೆ ಬೆರಳೇ ಅಳತೆ. 5 ಸೆಂಟಿಮೀಟರ್ ಒಳಗೆ ಒಣಗಿದ್ದರೆ ತಳದಿಂದ ಹರಿಯುವವರೆಗೆ ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ನೀರು ಕೊಟ್ಟ ಕೂಡಲೇ ತಳದಿಂದ ಸುರಿದರೆ ಖುಷಿಪಡುವಂತಿಲ್ಲ. ಮುದ್ದೆ ಒಣಗಿ ಕುಗ್ಗಿ, ನೀರು ಅಂಚಿನ ಸಂದಿಯಿಂದ ಜಾರಿಹೋಗಿರುತ್ತದೆ. ಆಗ ಇಡೀ ಕುಂಡವನ್ನು ಅರ್ಧ ಗಂಟೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಿ.

ಬಾಯಾರಿದ ಗಿಡದ ಎಲೆ ದೋಣಿಯಂತೆ ಒಳಕ್ಕೆ ಮಡಚಿಕೊಳ್ಳುತ್ತದೆ, ನೀರು ಕೊಟ್ಟರೆ ಮರುದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ಅದು ಬೇರು ಕೊಳೆತ ಲಕ್ಷಣ. ನೀರು ಪೂರ್ತಿ ನಿಲ್ಲಿಸಿ, ಕುಂಡವಾದರೆ ಗಿಡ ಹೊರತೆಗೆದು ಕಪ್ಪು ಬೇರುಗಳನ್ನು ಕತ್ತರಿಸಿ ಹೊಸ ಮಿಶ್ರಣಕ್ಕೆ ಹಾಕಿ, ಹೊಸ ಚಿಗುರು ಬರುವವರೆಗೆ ಗೊಬ್ಬರ ಕೊಡಬೇಡಿ.

ಗೊಬ್ಬರ

ಕಿತ್ತಳೆಗೆ ಸಾರಜನಕದ ಹಸಿವು ದೊಡ್ಡದು. ನೆಲದಲ್ಲಿರುವ ಒಂದು ಮರಕ್ಕೆ ವರ್ಷಕ್ಕೆ ಬೇಕಾಗುವ ಶುದ್ಧ ಸಾರಜನಕದ ಅಂದಾಜು: ಮೊದಲ ವರ್ಷ 50 ಗ್ರಾಂ, ಎರಡನೆಯ ವರ್ಷ 100, ಮೂರನೆಯದು 200, ನಾಲ್ಕನೆಯದು 300, ಐದರಿಂದ ಮುಂದೆ 400–450. ಚೀಲದ ಮೇಲಿನ ಶೇಕಡಾವಾರು ನೋಡಿ ಲೆಕ್ಕ ಹಾಕಿ. ಯೂರಿಯಾದಲ್ಲಿ ಸಾರಜನಕ ಶೇ 46, ಹಾಗಾಗಿ 100 ಗ್ರಾಂ ಸಾರಜನಕಕ್ಕೆ ಸುಮಾರು 217 ಗ್ರಾಂ ಯೂರಿಯಾ. ಶೇ 10ರ ಮಿಶ್ರ ಗೊಬ್ಬರವಾದರೆ 1 ಕಿಲೊ. ಮಾಗಿದ ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದರೆ ಈ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಇಳಿಸಿ.

ಒಟ್ಟು ಪ್ರಮಾಣವನ್ನು ಒಮ್ಮೆಗೇ ಹಾಕಿದರೆ ಬೇರು ಸುಡುತ್ತದೆ. ಬೆಳೆದ ಮರಕ್ಕೆ ಮೂರು ಕಂತು: ಹೂ ಬಿಡುವ ಸ್ವಲ್ಪ ಮುಂಚೆ, ಹೀಚು ಕಟ್ಟಿದ ಮೇಲೆ, ಕಾಯಿ ದಪ್ಪವಾಗುವಾಗ. ಮೊದಲ ವರ್ಷದ ಸಸಿಗೆ ನೆಟ್ಟ ಆರೇಳು ವಾರದ ನಂತರ, ಹೊಸ ಚಿಗುರು ಬಲಿತ ಮೇಲೆ ಶುರುಮಾಡಿ, ಸಣ್ಣ ಸಣ್ಣ ನಾಲ್ಕೈದು ಕಂತುಗಳಲ್ಲಿ ಕೊಡಿ. ಒಂದು ಕಂತಿಗೆ ಯೂರಿಯಾ 25 ಗ್ರಾಂ ದಾಟಬಾರದು. ಮಣ್ಣು ತೇವವಿರುವಾಗ ರೆಂಬೆಗಳ ಅಂಚಿನ ಸುತ್ತ ಹರಡಿ ತಕ್ಷಣ ನೀರು ಕೊಡಿ. ಅಗೆದು ಹಾಕಬೇಡಿ, ಮೇಲುಬೇರು ಹರಿಯುತ್ತದೆ. ಚಳಿ ಬೀಳುವ ಕಡೆ ಚಳಿಗಾಲದ ಹೊಸ್ತಿಲಲ್ಲಿ ಸಾರಜನಕ ಬೇಡ, ಎಳೆ ಚಿಗುರು ಬಂದು ಹಿಮಕ್ಕೆ ಸುಡುತ್ತದೆ.

ಕುಂಡದಲ್ಲಿ ಪ್ರತಿ ನೀರಿಗೂ ಪೋಷಕಾಂಶ ತೊಳೆದುಹೋಗುತ್ತದೆ. ಸತು, ಕಬ್ಬಿಣ, ಮ್ಯಾಂಗನೀಸ್ ಸೇರಿರುವ ನಿಧಾನ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬಳಸಿ. ಎರಡು ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡು ಪಟ್ಟು ನೀರು ಹರಿಸಿ, ಕೂಡಿದ ಉಪ್ಪನ್ನು ತೊಳೆಯಿರಿ.

ಹಳದಿ ಎಲೆಯನ್ನು ಓದುವುದು

ಮೊದಲ ಪ್ರಶ್ನೆ: ಹಳದಿಯಾಗಿರುವುದು ಹಳೆಯ ಎಲೆಯೋ, ಹೊಸದೋ? ಸಾರಜನಕ, ಮೆಗ್ನೀಸಿಯಂ ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಸಾಗಿಸುತ್ತದೆ, ಆದ್ದರಿಂದ ಹಳೆಯದು ಬಾಡುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್‌ಗಳನ್ನು ಹಾಗೆ ಸಾಗಿಸಲಾಗದು, ಆದ್ದರಿಂದ ಹೊಸ ಚಿಗುರಿನಲ್ಲೇ ಕಾಣುತ್ತದೆ.

ಹಳೆಯ ಎಲೆ ನರ ಸಮೇತ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಯ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದು ಅಂಚು ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಲೀಟರ್ ನೀರಿಗೆ 10 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಸಿಂಪಡಿಸಿ. ಎಳೆ ಎಲೆ ಹಳದಿಯಾಗಿ ತೆಳ್ಳನೆಯ ನರಗಳ ಬಲೆ ಮಾತ್ರ ಹಸಿರಾಗಿದ್ದರೆ ಕಬ್ಬಿಣ. ಎಳೆ ಎಲೆ ಸಣ್ಣದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆಯಾಗಿ, ಗೆಣ್ಣುಗಳು ಒತ್ತೊತ್ತಾಗಿದ್ದರೆ ಸತು. ಎಲೆಯ ಗಾತ್ರ ಸರಿಯಿದ್ದು ನರದ ಸುತ್ತ ಮಸುಕಾದ ಹಸಿರು ಪಟ್ಟಿಯಿದ್ದರೆ ಮ್ಯಾಂಗನೀಸ್. ಸತುವಿಗೆ ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಜೊತೆಗೆ ಎಲೆ ಸುಡದಂತೆ ಎರಡೂವರೆ ಗ್ರಾಂ ಸುಣ್ಣ. ಹೊಸ ಎಲೆ ಮುಕ್ಕಾಲು ಪಾಲು ಅಗಲವಾದಾಗ ಸಿಂಪಡಿಸಿದರೆ ಹೀರಿಕೊಳ್ಳುತ್ತದೆ, ಬಲಿತ ಎಲೆಯ ಮೇಣ ಒಳಗೆ ಬಿಡುವುದಿಲ್ಲ.

ಆದರೆ ಕಬ್ಬಿಣದ ಕೊರತೆ ಬಹಳ ಸಲ ಮಣ್ಣಿನಲ್ಲಿ ಕಬ್ಬಿಣ ಇಲ್ಲದ್ದರಿಂದಲ್ಲ. ರಸಸಾರ 7 ದಾಟಿದ್ದರೆ ಅದು ಬೇರಿಗೆ ಸಿಗದ ರೂಪದಲ್ಲಿರುತ್ತದೆ, ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಹೀರುವ ಶಕ್ತಿಯೇ ಇರುವುದಿಲ್ಲ. ಎರಡನೆಯದಾದರೆ ನೀರು ಕಡಿಮೆ ಮಾಡಿದರಷ್ಟೇ ಸಾಕು, ಮುಂದಿನ ಚಿಗುರು ಹಸಿರಾಗಿ ಬರುತ್ತದೆ. ಮೊದಲನೆಯದಕ್ಕೆ ಇಡಿಡಿಎಚ್‌ಎ ರೂಪದ ಕಬ್ಬಿಣದ ಚೀಲೇಟನ್ನೇ (ಬೇರಿಗೆ ಸಿಗುವಂತೆ ಹಿಡಿದಿಟ್ಟ ಕಬ್ಬಿಣ) ಕೇಳಿ ತಂದು ಮಣ್ಣಿಗೆ ಕೊಡಿ, ಸುಣ್ಣದ ಮಣ್ಣಿನಲ್ಲಿ ಬೇರೆ ರೂಪಗಳು ನಿಲ್ಲುವುದಿಲ್ಲ.

ಹಳದಿ ಮಚ್ಚೆ ಎಲೆಯ ನಡುನರದ ಎರಡು ಬದಿಯಲ್ಲಿ ಒಂದೇ ತರ ಇಲ್ಲದಿದ್ದರೆ, ಹಣ್ಣು ಓರೆಯಾಗಿ ಸಣ್ಣದಾಗಿ ತಳದಲ್ಲಿ ಹಸಿರಾಗಿಯೇ ಉಳಿದರೆ ಹುವಾಂಗ್‌ಲಾಂಗ್‌ಬಿಂಗ್ ಇರಬಹುದು. ಕೊರತೆಯ ಹಳದಿ ಎರಡೂ ಬದಿ ಸಮವಾಗಿರುತ್ತದೆ, ಇದು ಹಾಗಲ್ಲ. ಕೃಷಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಖಚಿತವಾದರೆ ಮರ ತೆಗೆಯುವುದೇ ಸುತ್ತಲಿನ ಮರಗಳಿಗೆ ಒಳಿತು.

ಸವರುವುದು

ಕಡಿಮೆ ಸವರಿದಷ್ಟೂ ಕಿತ್ತಳೆ ಹೆಚ್ಚು ಹಣ್ಣು ಕೊಡುತ್ತದೆ. ಕಸಿಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೇ ಬೆರಳಿನಿಂದ ಮುರಿದು ತೆಗೆಯಿರಿ. ಬಿಟ್ಟರೆ ಬೇರುಸಸ್ಯವೇ ಮರವಾಗಿ ಮೇಲಿನ ಜಾತಿ ಸತ್ತುಹೋಗುತ್ತದೆ. ಮೂರೆಲೆಯ ಚಿಗುರು ಕಂಡರೆ ಅದು ಟ್ರೈಫೋಲಿಯೇಟ್‌ನದೇ. ಒಣಗಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಕೊಯ್ಲಿನ ನಂತರ ತೆಗೆದು, ಕೆಳರೆಂಬೆಗಳು ನೆಲದಿಂದ 40 ಸೆಂಟಿಮೀಟರ್ ಮೇಲಿರುವಂತೆ ನೋಡಿಕೊಳ್ಳಿ. ಕಾಂಡ ಬಿಸಿಲಿಗೆ ಬಯಲಾದರೆ ತೊಗಟೆ ಸುಟ್ಟು ಸೀಳುತ್ತದೆ. ಅಂಥ ಕಡೆ ನೀರು ಬೆರೆಸಬಹುದಾದ ಬಿಳಿ ಪೇಂಟಿಗೆ ಸಮಪಾಲು ನೀರು ಸೇರಿಸಿ ಬಳಿಯಿರಿ.

ಹೂ, ಹೀಚು, ಕಾಯಿ

ಹೂ ಬಿಡಲು ಕಿತ್ತಳೆಗೆ ಒಂದು ತಡೆ ಬೇಕು: ಕೆಲವು ವಾರಗಳ ತಂಪು ಅಥವಾ ನೀರಿನ ಬರ. ವರ್ಷವಿಡೀ ಬೆಚ್ಚಗಿರುವ ಕಡೆ ಬೆಳೆದ ಮರಕ್ಕೆ 4–6 ವಾರ ನೀರು ತಗ್ಗಿಸಿ, ಎಲೆ ತುಸು ಮಡಚಿದಾಗ ಮತ್ತೆ ಚೆನ್ನಾಗಿ ನೀರು, ಗೊಬ್ಬರ ಕೊಟ್ಟರೆ ಮೂರ್ನಾಲ್ಕು ವಾರದಲ್ಲಿ ಹೂ ಕಾಣುತ್ತದೆ. ಮರಳು ಮಣ್ಣಿನಲ್ಲಿ ಅಷ್ಟು ವಾರ ಕಾಯಬೇಡಿ. ಕುಂಡದ ಗಿಡಕ್ಕೂ ಎಳೆಯ ಗಿಡಕ್ಕೂ ಈ ಪ್ರಯೋಗ ಬೇಡ.

ಬಿಟ್ಟ ಹೂವಿನಲ್ಲಿ ಹಣ್ಣಾಗುವುದು ನೂರಕ್ಕೆ ಒಂದೆರಡು ಮಾತ್ರ. ಹೂ ಉದುರುವುದು, ಬಟಾಣಿಯಷ್ಟಾದ ಹೀಚು ಉದುರುವುದು, ಗೋಲಿಯಷ್ಟಾದ ಮೇಲೆ ಇನ್ನೊಮ್ಮೆ ಉದುರುವುದು ಎಲ್ಲವೂ ಮರ ತನ್ನ ಶಕ್ತಿಗೆ ತಕ್ಕಂತೆ ಮಾಡಿಕೊಳ್ಳುವ ಲೆಕ್ಕ. ಆ ದಿನಗಳಲ್ಲಿ ನೀರು ಏರುಪೇರಾದರೆ ಮಾತ್ರ ಉದುರುವುದು ಮಿತಿ ಮೀರುತ್ತದೆ. ಸಿಹಿ ಕಿತ್ತಳೆಗೆ ಒಂದೇ ಮರ ಸಾಕು. ಕೆಲವು ಮ್ಯಾಂಡರಿನ್ ಮಿಶ್ರತಳಿಗಳಿಗೆ ಮಾತ್ರ ಬೇರೆ ಜಾತಿಯ ಪರಾಗ ಬೇಕು.

ನೆಟ್ಟ ಮೊದಲ ಎರಡು ವರ್ಷ ಬಂದ ಹೀಚುಗಳನ್ನು ಕಿತ್ತುಹಾಕಿ. ಮನಸ್ಸಾಗುವುದಿಲ್ಲ, ಆದರೂ ಮಾಡಲೇಬೇಕು. ಆ ಶಕ್ತಿ ಬೇರಿಗೂ ರೆಂಬೆಗೂ ಹೋಗಲಿ. ಕಾಯಿ ಸೀಳುವುದಕ್ಕೆ ಮುಖ್ಯ ಕಾರಣ ಒಣಗಿದ ಮರಕ್ಕೆ ದಿಢೀರನೆ ಸಿಕ್ಕ ನೀರು: ತೊಳೆ ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ನೇವಲ್‌ನಲ್ಲಿ ಇದು ಹೆಚ್ಚು.

ಕೀಟ, ರೋಗ

ಎಳೆ ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದಂತಿದ್ದು ಎಲೆ ಮುದುಡಿದರೆ ರಂಗೋಲಿ ಹುಳು. ಅದು ಬಲಿತ ಎಲೆಯನ್ನು ಮುಟ್ಟುವುದಿಲ್ಲ, ಬೆಳೆದ ಮರಕ್ಕೆ ಅದರಿಂದ ಹೆಚ್ಚು ಹಾನಿಯೂ ಇಲ್ಲ. ಸಣ್ಣ ಗಿಡಕ್ಕೆ ಚಿಗುರು ಇಣುಕಿದಾಗ ಬೇವಿನ ಎಣ್ಣೆ ಸಿಂಪಡಿಸಿ: ಲೀಟರಿಗೆ 5 ಮಿಲಿಲೀಟರ್ ಎಣ್ಣೆ, 1–2 ಮಿಲಿಲೀಟರ್ ದ್ರವ ಸೋಪು, ವಾರಕ್ಕೊಮ್ಮೆ, ಸಂಜೆ ಹೊತ್ತಿನಲ್ಲಿ. ಸುಡುಬಿಸಿಲಿನಲ್ಲಿ ಎಣ್ಣೆ ಎಲೆಯನ್ನೇ ಸುಡುತ್ತದೆ. ಹೂವಿದ್ದಾಗ ಜೇನ್ನೊಣಗಳ ಸಲುವಾಗಿ ಏನನ್ನೂ ಸಿಂಪಡಿಸಬೇಡಿ.

ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ನಿಂಬೆ ಚಿಟ್ಟೆಯದು, ಕೈಯಿಂದ ಆರಿಸಿ ತೆಗೆದರೆ ಸಾಕು. ಹಿಟ್ಟು ತಿಗಣೆ, ಶಲ್ಕ ಕೀಟ, ಸಸ್ಯಹೇನು ಇರುವ ಕಡೆ ಇರುವೆ ಸಾಲು ಖಂಡಿತ. ಅಂಟುಸಿಹಿಗಾಗಿ ಇರುವೆಗಳು ಇವನ್ನು ಕಾಯುತ್ತವೆ, ಇವನ್ನು ತಿನ್ನುವ ಮಿತ್ರಕೀಟಗಳನ್ನು ಓಡಿಸುತ್ತವೆ. ಎಲೆಯ ಮೇಲಿನ ಕಪ್ಪು ಮಸಿ ಆ ಸಿಹಿಯ ಮೇಲೆ ಬೆಳೆದ ಬೂಷ್ಟು ಅಷ್ಟೇ. ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆ ತಡೆಯಿರಿ, ನೆಲಕ್ಕೆ ತಾಗುವ ರೆಂಬೆಗಳನ್ನು ಕತ್ತರಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹಣ್ಣು ನೊಣಕ್ಕೂ ರಾತ್ರಿ ಬಂದು ರಸ ಹೀರುವ ಪತಂಗಕ್ಕೂ ಕಾಯಿಗೆ ಚೀಲ ಕಟ್ಟುವುದು ಮನೆಮಟ್ಟಿಗೆ ಒಳ್ಳೆಯ ಉಪಾಯ. ಉದುರಿದ ಹಣ್ಣನ್ನು ದಿನವೂ ಹೆಕ್ಕಿ ಆಳವಾಗಿ ಹೂಳಿ.

ಎಲೆ, ಕಾಯಿಯ ಮೇಲೆ ಹಳದಿ ಉಂಗುರದ ನಡುವೆ ಉಬ್ಬಿದ ಕಂದು ಗಂಟುಗಳಿದ್ದರೆ ಕಜ್ಜಿ ರೋಗ. ರೋಗದ ಕಡ್ಡಿಗಳನ್ನು ಒಣಹವೆಯಲ್ಲಿ ಕತ್ತರಿಸಿ ಸುಟ್ಟು, ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿನಲ್ಲಿ 10 ಗ್ರಾಂ ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ, ಕೆಂಪಗೆ ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಮಾಡಿದ ದಿನವೇ ಬಳಸಿ ಮುಗಿಸಿ.

ಬುಡದ ತೊಗಟೆಯಿಂದ ಅಂಟು ಸೋರುತ್ತಿದ್ದರೆ ತಡಮಾಡಬೇಡಿ. ಕಾಂಡದ ಸುತ್ತಲಿನ ಮಣ್ಣು, ಹೊದಿಕೆ ಸರಿಸಿ ಮೊದಲ ದಪ್ಪಬೇರು ಕಾಣುವಷ್ಟು ಬಯಲು ಮಾಡಿ. ಕಂದಾಗಿ ಒದ್ದೆಯಾಗಿರುವ ತೊಗಟೆಯನ್ನು ಚಾಕುವಿನಿಂದ ಹೆರೆದು, ಹಸಿರು ಆರೋಗ್ಯವಂತ ಅಂಚು ಸಿಕ್ಕಲ್ಲಿ ನಿಲ್ಲಿಸಿ. ಒಂದು ದಿನ ಒಣಗಲು ಬಿಟ್ಟು ಬೋರ್ಡೋ ಮುಲಾಮು ಹಚ್ಚಿ: ಲೀಟರ್ ನೀರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ಗಾಯ ಕಾಂಡದ ಅರ್ಧ ಸುತ್ತಿಗಿಂತ ಕಡಿಮೆಯಿದ್ದರೆ ಮರ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮಳೆಗಾಲದ ಮುಂಚೆ ಎಲ್ಲ ಮರಗಳ ಬುಡಕ್ಕೂ ಇದನ್ನು 60 ಸೆಂಟಿಮೀಟರ್ ಎತ್ತರದವರೆಗೆ ಬಳಿಯುವುದು ಒಳ್ಳೆಯ ರೂಢಿ.

ಚಳಿ

13 ಡಿಗ್ರಿಗಿಂತ ಕೆಳಗೆ ಕಿತ್ತಳೆಯ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಸೊನ್ನೆಗಿಂತ 2–3 ಡಿಗ್ರಿ ಕೆಳಗೆ ಹಲವು ಗಂಟೆ ಇದ್ದರೆ ಹಣ್ಣು ಹೆಪ್ಪುಗಟ್ಟಿ ಒಣಗುತ್ತದೆ. ಹಿಮ ಬೀಳುವ ಸೂಚನೆಯಿದ್ದರೆ ಹಗಲಲ್ಲಿ ಮಣ್ಣು ನೆನೆಸಿ, ಸಂಜೆ ನೆಲದವರೆಗೆ ಬಟ್ಟೆ ಹೊದಿಸಿ, ಬೆಳಗ್ಗೆ ತೆಗೆಯಿರಿ. ಸುಟ್ಟ ರೆಂಬೆಗಳನ್ನು ಕೂಡಲೇ ಕತ್ತರಿಸಬೇಡಿ, ಹೊಸ ಚಿಗುರು ಎಲ್ಲಿಂದ ಬರುತ್ತದೆಂದು ಕಾದು ನೋಡಿ. ಚಳಿಗಾಲದಲ್ಲಿ ಕಿಟಕಿಯ ಬಳಿಯ ಕುಂಡದ ಗಿಡ ದಿಢೀರನೆ ಎಲೆ ಉದುರಿಸಿದರೆ ಕಾರಣ ಬಹಳ ಸಲ ಇದು: ಬಿಸಿಲಿಗೆ ಎಲೆ ಬೆಚ್ಚಗಾಗಿ ನೀರು ಕೇಳುತ್ತದೆ, ತಣ್ಣಗಿನ ನೆಲದ ಮೇಲಿರುವ ಬೇರು ಕೊಡಲಾರದು. ಕುಂಡವನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡಿ.

ಕೊಯ್ಲು

ಬಣ್ಣ ನಂಬಬೇಡಿ. ಸಿಪ್ಪೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ತಂಪು ರಾತ್ರಿಗಳಿಂದ. ಬೆಚ್ಚಗಿನ ಪ್ರದೇಶದಲ್ಲಿ ಪೂರ್ತಿ ಹಣ್ಣಾದದ್ದೂ ಹಸಿರಾಗಿಯೇ ಇರುತ್ತದೆ. ವೇಲೆನ್ಸಿಯಾ ಒಮ್ಮೆ ಬಣ್ಣ ತಿರುಗಿ ಮತ್ತೆ ಹಸಿರಾಗುವುದೂ ಉಂಟು. ಬೇಗ ಹಣ್ಣಾಗುವ ಜಾತಿಗಳಲ್ಲಿ ಹೂವಿನಿಂದ 7–9 ತಿಂಗಳಾದ ಮೇಲೆ ಒಂದು ಹಣ್ಣು ಕಿತ್ತು ತಿಂದು ನೋಡಿ. ಗಾತ್ರಕ್ಕೆ ಹೋಲಿಸಿದರೆ ಭಾರವಿದ್ದರೆ ರಸ ತುಂಬಿದೆ ಎಂದರ್ಥ. ಕಿತ್ತ ಮೇಲೆ ಕಿತ್ತಳೆ ಮಾಗುವುದಿಲ್ಲ, ಹುಳಿಯಾಗಿದ್ದರೆ ಉಳಿದವನ್ನು ಮರದಲ್ಲೇ ಬಿಟ್ಟು ಎರಡು ವಾರ ಕಾಯಿರಿ.

ಎಳೆದು ಕೀಳಬೇಡಿ, ತೊಟ್ಟಿನ ಬಳಿ ಸಿಪ್ಪೆ ಹರಿದು ಅಲ್ಲಿಂದ ಬೂಷ್ಟು ಹಿಡಿಯುತ್ತದೆ. ಕತ್ತರಿಯಿಂದ ತೊಟ್ಟನ್ನು ಹಣ್ಣಿನ ಮಟ್ಟಕ್ಕೆ ಕತ್ತರಿಸಿ, ಉದ್ದ ತೊಟ್ಟು ಬುಟ್ಟಿಯಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಮ್ಯಾಂಡರಿನ್‌ಗಳನ್ನು ಹಣ್ಣಾದ ಕೆಲವೇ ವಾರಗಳಲ್ಲಿ ಕೊಯ್ದು ಮುಗಿಸಿ, ಬಿಟ್ಟರೆ ಸಿಪ್ಪೆ ಉಬ್ಬಿ ತೊಳೆ ಒಣಗುತ್ತದೆ. ಸಿಹಿ ಕಿತ್ತಳೆ ಮರದಲ್ಲೇ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ, ಬೇಕಾದಷ್ಟನ್ನೇ ಕಿತ್ತರಾಯಿತು. ಆದರೆ ಮುಂದಿನ ಹೂ ಅರಳುವ ಹೊತ್ತಿಗೆ ವೇಲೆನ್ಸಿಯಾ ಬಿಟ್ಟು ಬೇರೆಲ್ಲ ಮರಗಳನ್ನೂ ಖಾಲಿ ಮಾಡಿ. ಹಳೆಯ ಹಣ್ಣು ಹೊತ್ತುಕೊಂಡೇ ಇರುವ ಮರ ಮರುವರ್ಷ ಕಡಿಮೆ ಹೂ ಬಿಡುತ್ತದೆ.